ಬೀಸುಕಲ್ಲು, ಹಂತಿ ಮತ್ತು ನಮ್ಮ ಮೈಯ ಸುಖದುಃಖ

ವಾಚನಾಲಯದ ಹುಡುಗರು ಈ ಪುಸ್ತಕಕ್ಕೆ ನೀವೂ ನಾಲ್ಕು ಮಾತು ಬರೆದುಕೊಡ್ರಿ ಅಂದರು. ನಾನು ಕಲಿತದ್ದು ಏಳನೇ ಇಯತ್ತೆ, ಅದೂ ಕನ್ನಡ ಶಾಲೆಯಲ್ಲಿ. 1972ರ ಬರಗಾಲದಲ್ಲಿ ಅಪ್ಪನ ಜೋಡಿ ಖಡಿ ಒಡೆಯಲು ಹೋದವನು ಮತ್ತೆ ಶಾಲೆಯ ಕಡೆ ಮುಖ ಮಾಡಲಿಲ್ಲ. ಹೊಲ ಮತ್ತು ಹಾಡು, ಇವೆರಡೇ ನನಗೆ ಗೊತ್ತು. ಆದರೆ ಹಾಡುವವನಿಗೆ ಒಂದು ಅನುಕೂಲ ಐತಿ. ಅವನು ಹತ್ತೂರು ತಿರುಗುತ್ತಾನೆ, ಹತ್ತು ಮನೆಯ ರೊಟ್ಟಿ ಉಣ್ಣುತ್ತಾನೆ. ಜತ್ತ, ಅಕ್ಕಲಕೋಟೆ, ಚಡಚಣ, ಇಂಡಿ ಕಡೆಯೆಲ್ಲ ಭಜನೆಗೆ ಹೋಗಿ ಬಂದಿದ್ದೇನೆ. ಜನರ ಬದುಕು ಮತ್ತು ಮೈ ಎರಡೂ ಹೇಗೆ ಬದಲಾದವು ಎಂಬುದನ್ನು ನೋಡಿದ್ದೇನೆ. ಅದನ್ನೇ ಬರೆಯುತ್ತೇನೆ.

ಈಗ ಯಾವ ಸಭೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. “ಹಿಂದಿನವರು ಜೋಳದ ರೊಟ್ಟಿ ತಿಂದು, ಮೈಮುರಿದು ದುಡಿದು ಗಟ್ಟಿಮುಟ್ಟಾಗಿದ್ದರು. ಈಗಿನವರಿಗೆ ಮೂವತ್ತಕ್ಕೇ ಸಕ್ಕರಿ ಕಾಯಿಲೆ, ಬಿ.ಪಿ.” ಜನ ಚಪ್ಪಾಳೆ ತಟ್ಟುತ್ತಾರೆ. ಈ ಮಾತು ಅರ್ಧ ಖರೆ. ಇನ್ನರ್ಧ ಏನು ಎಂಬುದನ್ನು ಹೇಳುವವರು ಕಡಿಮೆ.

ಕೆಲವು ವರ್ಷದ ಹಿಂದೆ ಪುಣೆ ಕಡೆಯಿಂದ ಒಬ್ಬ ಹುಡುಗಿ ನಮ್ಮೂರಿಗೆ ಬಂದು ಎರಡು ತಿಂಗಳು ಇದ್ದಳು. ಮಾನವಶಾಸ್ತ್ರ ಓದುವಾಕಿ. ನಾವು, ಜಾತ್ರೆ ಬಗ್ಗೆ, ದೇವರ ಬಗ್ಗೆ ಕೇಳುತ್ತಾಳೆ ಅಂತ ತಿಳಿದಿದ್ದೆವು. ಆಕಿ ಕೇಳಿದ್ದೇ ಬೇರೆ. ಮನೆಯಲ್ಲಿ ಮೊದಲು ಏಳುವವರು ಯಾರು? ಕಡೆಗೆ ಉಣ್ಣುವವರು ಯಾರು? ನೀರು ಎಲ್ಲಿಂದ, ಎಷ್ಟು ಕೊಡ, ಹೊರುವವರು ಯಾರು? ಮೈಯಲ್ಲಿ ಹುಷಾರಿಲ್ಲದಿದ್ದರೆ ಮೊದಲು ಯಾರಿಗೆ ಹೇಳುತ್ತೀರಿ? ಎಷ್ಟು ದಿನಕ್ಕೆ ದವಾಖಾನೆಗೆ ಹೋಗುತ್ತೀರಿ?

ಕಟ್ಟೆಯ ಮೇಲೆ ಕೂತ ಹಿರಿಯರು ನಕ್ಕರು. “ಇದೇನ ತಂಗಿ, ಇದನ್ನ ಕೇಳಾಕ ಪುಣೆದಿಂದ ಬರಬೇಕಾ?” ಅಂದರು. ಆಕಿ ಸಿಟ್ಟಾಗಲಿಲ್ಲ. “ಕಾಕಾ, ದಿನಾ ನಡಿಯೋದನ್ನ ಯಾರೂ ಬರದಿಡಂಗಿಲ್ಲ. ಅದಕ್ಕ ಮೊದಲ ಅದೇ ಮರತು ಹೋಗತೈತಿ” ಅಂದಳು. ಎರಡು ತಿಂಗಳಲ್ಲಿ ಅಷ್ಟು ನಮ್ಮ ಮಾತು ಕಲಿತಿದ್ದಳು.

ನನಗೆ ಆಕಿ ಹಂತಿ ಬಗ್ಗೆ ಕೇಳಿದಳು. ಈಗಿನ ಹುಡುಗರಿಗೆ ಹಂತಿ ಅಂದರೆ ಗೊತ್ತಿಲ್ಲ, ಆದಕಾರಣ ಹೇಳುತ್ತೇನೆ. ಹಿಂಗಾರಿ ಜೋಳ ಕೊಯ್ದ ಮೇಲೆ ಕಣ ಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿ ನೆಟ್ಟು, ತೆನೆ ಹರವಿ, ಎತ್ತುಗಳನ್ನು ಸಾಲಾಗಿ ಕಟ್ಟಿ ಮೇಟಿಯ ಸುತ್ತ ತುಳಿಸುತ್ತಿದ್ದೆವು. ಇದು ರಾತ್ರಿಯ ಕೆಲಸ. ನಿದ್ದೆ ಬರಬಾರದೆಂದು, ಎತ್ತು ನಿಲ್ಲಬಾರದೆಂದು ಹಾಡು. ಒಬ್ಬ ಹೇಳಿದರೆ ಉಳಿದವರು ಹಿಂದಿನಿಂದ ಎತ್ತಿಕೊಳ್ಳಬೇಕು. ನಾನು ಹಾಡು ಕಲಿತದ್ದು ಆ ಕಣದಲ್ಲೇ. ರಾಶಿ ಮಷೀನ್ ಬಂದ ಮೇಲೆ ನಾಲ್ಕು ರಾತ್ರಿಯ ಕೆಲಸ ಒಂದು ತಾಸಿಗೆ ಮುಗಿಯುತ್ತದೆ. ಮೇಟಿ ಇಲ್ಲ, ಹಂತಿ ಇಲ್ಲ, ಎತ್ತೂ ಇಲ್ಲ. ಹಂತಿ ಪದಗಳನ್ನು ನಾವೀಗ ಸ್ಟೇಜಿನ ಮೇಲೆ ಹಾಡುತ್ತೇವೆ, ಕೈಯಲ್ಲಿ ಮೈಕು.

ಇದನ್ನೆಲ್ಲ ನಾನು ಚಂದಾಗಿ ಹೇಳಿದೆ. ಆಕಿ ಬರೆದುಕೊಂಡು, “ಕಾಕಾ, ಆ ಧೂಳಿನಾಗ ಕೆಮ್ಮು ಬರತಿರಲಿಲ್ಲ?” ಅಂದಳು. ಬರುತ್ತಿತ್ತು. ರಾಶಿ ತೂರಿದ ಮೇಲೆ ಎಂಟು ದಿನ ಎದೆ ಗೊರಗುಡುತ್ತಿತ್ತು. ನಮ್ಮ ಕಾಕಾನ ಎದೆ ಆ ಕೆಮ್ಮಿನಲ್ಲೇ ಸೋತಿತು. ಯಾವ ಹಂತಿ ಪದದಲ್ಲೂ ಆ ಕೆಮ್ಮು ಇಲ್ಲ.

ಆಮೇಲೆ ಆಕಿ ನಮ್ಮ ಮನಿಯಾಕಿ ಹತ್ತಿರ ಕೂತಳು. ಬೀಸುಕಲ್ಲಿನ ಮಾತು ಬಂತು. ನಮ್ಮವ್ವ ಕೋಳಿ ಕೂಗುವ ಮೊದಲೇ ಎದ್ದು ಬೀಸಲು ಕೂಡುತ್ತಿದ್ದಳು. ಎದುರಿಗೆ ಚಿಗವ್ವ. ಇಬ್ಬರೂ ಒಂದೇ ಗೂಟ ಹಿಡಿದು ತಿರುವುತ್ತ ಹಾಡುತ್ತಿದ್ದರು. ನಾನು ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದೆ. ಆ ಹಾಡಿನಲ್ಲಿ ತವರು, ಅಣ್ಣ, ದಾನಮ್ಮದೇವಿ ಎಲ್ಲ ಬರುತ್ತಿದ್ದವು. ಹೊಟ್ಟೆಗೆ ಸಾಲದ್ದು, ಎದೆಹಾಲು ಬತ್ತಿದ್ದು, ಮಣ್ಣಿಗಿಟ್ಟ ಕೂಸು ಸಹ ಬರುತ್ತಿದ್ದವು. ಹಗಲು ಅತ್ತೆಯ ಎದುರು ಹೇಳಲಾಗದ ಮಾತನ್ನು ನಸುಕಿನಲ್ಲಿ ಕಲ್ಲಿನ ಮುಂದೆ ಹೇಳುತ್ತಿದ್ದರು. ಕಲ್ಲಿನ ಸಪ್ಪಳದಲ್ಲಿ ಅತ್ತೆಗೆ ಕೇಳಿಸಿದರೂ, ಅದು ಹಾಡು, ಜಗಳ ತೆಗೆಯುವಂತಿಲ್ಲ.

ನಮ್ಮೂರಿಗೆ ಹಿಟ್ಟಿನ ಗಿರಣಿ ಬಂದಾಗ ಗಂಡಸರು, “ಗಿರಣಿ ಹಿಟ್ಟು ಕಾಯತೈತಿ, ಸತ್ವ ಹೋಗತೈತಿ” ಅಂದರು. ನಮ್ಮವ್ವ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮೊದಲ ದಿನವೇ ಹೋದಳು. “ಸತ್ವ ಹೋದರ ಹೋಗಲಿ, ನನ್ನ ರಟ್ಟಿ ಉಳೀತು” ಅಂದಳು. ಬಸುರಿಯಿದ್ದಾಗಲೂ, ಬಾಣಂತಿತನ ಮುಗಿಯುವ ಮೊದಲೂ ಆಕಿ ಕಲ್ಲು ತಿರುವಿದವಳು. ಹಿಂದಿನ ಕಾಲ ಆರೋಗ್ಯದ ಕಾಲ ಅನ್ನುವವರು ಈ ರಟ್ಟೆಯ ಲೆಕ್ಕವನ್ನೂ ಹಿಡಿಯಬೇಕು.

ಆದರೆ ಗಿರಣಿ ಬಂದಮೇಲೆ ಅವ್ವ ಹಾಡಲಿಲ್ಲ. ಹಾಡು ಮರೆತಿರಲಿಲ್ಲ. ಹಾಡುವ ಹೊತ್ತೂ ಹೋಯಿತು, ಎದುರಿಗೆ ಕೂಡುವ ಜೋಡಿಯೂ ಹೋಯಿತು.

ಇನ್ನೊಂದು ಮಾತು ನಾರುಹುಣ್ಣಿನದು. ಐವತ್ತು ದಾಟಿದವರಿಗೆ ನೆನಪಿರಬಹುದು. ಪಾವಟಿಗೆ ಬಾವಿಯ ನೀರು ಕುಡಿದವರ ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಬಿಳಿ ದಾರದಂಥ ಹುಳ ಹೊರಗೆ ಬರುತ್ತಿತ್ತು. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಬಾಯುತ್ತದೆ. ಅದಕ್ಕೆ ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ತೆಗೆಯಬೇಕು. ಬಿತ್ತುವ ಹೊತ್ತಿನಲ್ಲಿ ಗಂಡಾಳು ಕಾಲು ಚಾಚಿ ಬಿದ್ದರೆ ಆ ವರ್ಷ ಹೊಲ ಬೀಳು. ದೇವರ ಸಿಟ್ಟು ಅಂದವರಿದ್ದರು, ಹಿಂದಿನ ಕರ್ಮ ಅಂದವರಿದ್ದರು.

ಖರೆ ಕಾರಣ ನೀರಿನಲ್ಲಿತ್ತು. ಹುಣ್ಣು ಉರಿಯುತ್ತದೆಂದು ಕಾಲನ್ನು ಬಾವಿಯ ನೀರಿಗೆ ಇಳಿಬಿಟ್ಟಾಗ ಹುಳ ಮರಿಗಳನ್ನು ನೀರಿಗೆ ಬಿಡುತ್ತದೆ. ಆ ಮರಿಗಳನ್ನು ನೀರಿನಲ್ಲಿರುವ ಸಣ್ಣ ಜೀವಿ ನುಂಗುತ್ತದೆ. ಅದನ್ನು ನಾವು ನೀರಿನ ಜೊತೆ ಕುಡಿಯುತ್ತೇವೆ. ಹೆಚ್ಚುಕಡಿಮೆ ಒಂದು ವರ್ಷಕ್ಕೆ ಹುಳ ಕಾಲಿನಲ್ಲಿ ಹೊರಬೀಳುತ್ತದೆ. ಕುಡಿದದ್ದು ಈ ವರ್ಷ, ಹುಣ್ಣು ಬರುವ ವರ್ಷ. ಹಿಂಗಿದ್ದಾಗ ಬಾವಿಯ ಮೇಲೆ ಯಾರಿಗೆ ಸಂಶಯ ಬರಬೇಕು? ಇದಕ್ಕೆ ಲಸಿಕೆ ಇಲ್ಲ, ಗುಣಮಾಡುವ ಔಷಧವೂ ಇಲ್ಲ. ಮನೆಮನೆಗೆ ಹೋಗಿ ಯಾರಿಗೆ ಹುಣ್ಣು, ಯಾವ ಬಾವಿಯ ನೀರು ಎಂದು ಕೇಳಿ, ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿ, ಪಾವಟಿಗೆ ಬಾವಿಗೆ ಇಳಿಯುವುದನ್ನು ನಿಲ್ಲಿಸಿ, ಬೋರಿಂಗ್ ಹಾಕಿ ಇದನ್ನು ಕಳೆದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅಷ್ಟು ದೊಡ್ಡ ಪೀಡೆಯನ್ನು ಕಳೆದದ್ದು ಒಂದು ತುಂಡು ಬಟ್ಟೆ ಮತ್ತು ಕೇಳುವ ಬಾಯಿ.

ಇದರಿಂದ ನನಗೆ ತಿಳಿದದ್ದು ಇಷ್ಟು. ಹಾಡು ನೋವನ್ನು ಕಾಯ್ದಿಡುತ್ತದೆ, ಕಾರಣವನ್ನು ಹೇಳುವುದಿಲ್ಲ. ಕಾರಣ ಹುಡುಕಲು ಮನೆಮನೆಗೆ ಹೋಗಿ ಕೇಳಲೇಬೇಕು. ಕೇಳುವವರಿಗೆ ಎಲ್ಲಿ ನೋವು ಐತಿ ಎಂದು ತೋರಿಸಲು ಹಾಡೂ ಬೇಕು.

ಹಾಡಿಗಾಗಿ ಕಿವಿಗೊಟ್ಟ ದೊಡ್ಡವರು ನಮ್ಮ ನೆರೆಯಲ್ಲೇ ಇದ್ದರು. ಹಲಸಂಗಿ ನಮಗೆ ದೂರವೇನಲ್ಲ. ಅಲ್ಲಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ, 1931ರಲ್ಲಿ ‘ಗರತಿಯ ಹಾಡು’ ಪುಸ್ತಕ ತಂದರು. ಪುಣೆ ಕಡೆ ಹೇಮಾ ರಾಯರಕರ ಎಂಬುವರು ಗೀ ಪ್ವಾತ್ವಾಂ ಎಂಬುವರ ಜೊತೆಗೂಡಿ ಮರಾಠಿಯ ಬೀಸುವ ಪದಗಳನ್ನು ಲಕ್ಷಕ್ಕೂ ಮಿಕ್ಕಿ ಕೂಡಿಸಿದರಂತೆ. ಆ ಹುಡುಗಿ ಹೇಳಿದಳು. ಮೈಸೂರಿನ ಎಂ.ಎನ್. ಶ್ರೀನಿವಾಸರ ಕಥೆಯನ್ನೂ ಹೇಳಿದಳು. ಅವರು 1948ರಲ್ಲಿ ಒಂದು ಹಳ್ಳಿಯಲ್ಲಿ ಉಳಿದು ಬರೆದಿಟ್ಟ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕವು. ಅವರು ಎದೆಗುಂದದೆ ನೆನಪಿನಿಂದಲೇ ಆ ಹಳ್ಳಿಯ ಪುಸ್ತಕ ಬರೆದರಂತೆ. ಹೊರಗಿನಿಂದ ಬಂದವರ ನೆನಪಿನಲ್ಲಿ ಒಂದು ಊರು ಅಷ್ಟು ಉಳಿಯಬಹುದಾದರೆ, ಅಲ್ಲೇ ಹುಟ್ಟಿ ಬೆಳೆದ ನಮ್ಮಲ್ಲಿ ಎಷ್ಟು ಇರಬೇಕು?

ಈಗ ನನ್ನ ಚಿಂತೆ ಹೇಳುತ್ತೇನೆ. ದೀಪಾವಳಿ ಹೊತ್ತಿಗೆ ನಮ್ಮ ತಾಲ್ಲೂಕಿನ ಎಷ್ಟೋ ಮಂದಿ ಕಬ್ಬು ಕಡಿಯಲು ಹೋಗುತ್ತಾರೆ. ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ. ನಸುಕಿನಿಂದ ಕಡಿಯಬೇಕು, ಮೋಳಿಗೆ ಹೊತ್ತು ಗಾಡಿ ತುಂಬಬೇಕು, ಒಂದು ದಿನ ತಪ್ಪಿದರೆ ದಂಡ. ಬೀಡ ಜಿಲ್ಲೆಯಲ್ಲಿ ಹೀಗೆ ಹೋಗುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಸಣ್ಣ ವಯಸ್ಸಿನಲ್ಲೇ ಗರ್ಭಚೀಲ ತೆಗೆಸಿಕೊಂಡದ್ದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಅದು ಲೆಕ್ಕಕ್ಕೆ ಸಿಕ್ಕದ್ದು ಯಾರೋ ಮನೆಮನೆಗೆ ಹೋಗಿ ಕೇಳಿದ್ದಕ್ಕೆ. ನಮ್ಮ ಕಡೆಯವರ ಮೈಯಲ್ಲಿ ಏನಿದೆ? ನಮ್ಮವ್ವನಿಗೆ ಹೇಳಿಕೊಳ್ಳಲು ಬೀಸುಕಲ್ಲಿತ್ತು. ಈಗಿನ ಸೊಸೆಗೆ ಗಿರಣಿಯ ಹಿಟ್ಟು ಸಿಕ್ಕಿತು, ಗ್ಯಾಸ್ ಸಿಕ್ಕಿತು, ಅದು ಒಳ್ಳೆಯದೇ. ಹೇಳಿಕೊಳ್ಳುವ ಜಾಗ ಮಾತ್ರ ಸಿಗಲಿಲ್ಲ. ಮೊಬೈಲಿನಲ್ಲಿ ಹಾಡು ಕೇಳುತ್ತಾಳೆ, ಆ ಹಾಡಿನಲ್ಲಿ ಆಕಿಯ ಬೆನ್ನುನೋವು ಇಲ್ಲ.

ಮಾಸ್ತರರಿಗೆ, ಬಾಯಿಯವರಿಗೆ ನನ್ನದೊಂದು ಕೋರಿಕೆ. ಏಳನೆಯ ಇಯತ್ತೆಯ ಮಕ್ಕಳಿಗೆ ಒಂದೊಂದು ವಹಿ ಕೊಡಿರಿ. ತಮ್ಮ ಅಜ್ಜಿ, ಅವ್ವ, ಅಕ್ಕ ಮೂವರನ್ನೂ ಕೇಳಿ ಬರೆಯಲಿ. ಮೊದಲು ಏಳುವವರು ಯಾರು, ಕಡೆಗೆ ಉಣ್ಣುವವರು ಯಾರು, ನೀರು ಎಲ್ಲಿಂದ, ಮೈಯಲ್ಲಿ ಎಲ್ಲಿ ನೋವು, ಅದನ್ನು ಯಾರಿಗೆ ಹೇಳಿದರು. ಅಜ್ಜಿಗೆ ಹಾಡು ನೆನಪಿದ್ದರೆ ಅದನ್ನೂ ಬರೆದುಕೊಳ್ಳಲಿ. ಮನೆತನದ ಹೆಸರು ಹಾಕುವುದು ಬೇಡ. ಮುಗಿದ ವಹಿಗಳನ್ನು ಈ ವಾಚನಾಲಯದ ಕಪಾಟಿನಲ್ಲಿ ಇಡೋಣ, ಆರೋಗ್ಯ ಕೇಂದ್ರದ ಸಿಸ್ಟರ್ ಬಂದಾಗ ತೋರಿಸೋಣ. ಹಾಡುಗಳಿಗೆ ರಾಗ ಕೂಡಿಸುವ ಕೆಲಸ ನನಗಿರಲಿ. ಅಮವಾಸ್ಯೆಯ ಭಜನೆಗೆ ಹೆಂಗೂ ಬರುತ್ತೇನೆ, ಆಗ ಅಜ್ಜಿಯರನ್ನೂ ಕರೆತರ್ರಿ.