ಅಜ್ಜಿಯ ಡಬ್ಬಿಯ ಎರಡು ಕಾಸು

ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ನಮ್ಮ ಗ್ಯಾಂಗಿನ ಒಬ್ಬನ ಮನೆ. ಹೆಸರಲ್ಲೇ ಸುಂಕ ಇರೋ ಜಾಗ, ಆದ್ರೆ ನಾವು ಅಲ್ಲಿಗೆ ಹೋಗೋದು ಬಿಟ್ಟಿ ಊಟಕ್ಕೆ. ಇಂಟರ್ನಲ್ಸ್ ಮುಗಿದ ಶನಿವಾರ ಹೋದಾಗ ಅವನ ಅಮ್ಮ ಫೋನ್ ಹಿಡ್ಕೊಂಡು ಕೂತಿದ್ರು. ಅಜ್ಜಿಯ ಡಬ್ಬಿಯಲ್ಲಿದ್ದ ಆನೆ ಚಿತ್ರದ ತಾಮ್ರದ ಕಾಸಿಗೆ ಯಾರೋ ಎಂಟು ಲಕ್ಷ ಕೊಡ್ತಾರಂತೆ. ಅದಕ್ಕೆ ಮೊದಲು 'ರಿಜಿಸ್ಟ್ರೇಷನ್' ಅಂತ 2,850 ರೂಪಾಯಿ ಕಳಿಸ್ಬೇಕಂತೆ. ಮುಂದಿನ ಸೆಮ್ ಫೀಸಿನ ಚಿಂತೆ ಇದ್ದ ಮನೆ ಅದು.

"ತಡೀರಿ ಆಂಟಿ, ಅದೇನು ಅಂತ ಮೊದ್ಲು ನೋಡೋಣ" ಅಂದ್ವಿ.

ಡಬ್ಬಿಯಲ್ಲಿ ಇನ್ನೊಂದು ನಾಣ್ಯವೂ ಇತ್ತು. ಹೂವಿನ ಎಸಳಿನ ಹಾಗೆ ಅಂಚು, ಒಂದು ಕಡೆ ರಾಜನ ಮುಖ, ಇನ್ನೊಂದು ಕಡೆ ಅರಬ್ಬಿ ಅಕ್ಷರ. "ನಮ್ಮಪ್ಪ ಮಿಲ್ಟ್ರೀಲಿದ್ದಾಗ ಬಸ್ರಾದಿಂದ ತಂದಿದ್ದು" ಅಂದ್ರು ಅಜ್ಜಿ. ಅಜ್ಜಿಯ ಬಸ್ರಾ ಕತೆ ಅಂದ್ರೆ ಆ ಮನೆಯಲ್ಲಿ ಎಲ್ಲರಿಗೂ ನಗು.

ಫೋನಿನಲ್ಲಿ ಅರಬ್ಬಿ ಅಂಕಿಗಳ ಪಟ್ಟಿ ತೆಗೆದು ಕೂತ್ವಿ. ಅದರ ಮೇಲೆ ಎರಡು ಇಸವಿ ಇದ್ದವು. ಒಂದನ್ನು 1938 ಅಂತ ಓದಿದ್ವಿ. ಇನ್ನೊಂದು ನಮಗೆ ಕಂಡಿದ್ದು 1307. ಹಿಜರಿ ಇಸವಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದ್ರೆ ಹೆಚ್ಚುಕಮ್ಮಿ ನಮ್ಮ ಇಸವಿ ಬರುತ್ತೆ, ಯಾಕಂದ್ರೆ ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು. ಮಾಡಿದ್ರೆ 1889! ಮತ್ತೆ ಪಟ್ಟಿ ನೋಡಿದಾಗ ಗೊತ್ತಾಯ್ತು, ಆ ಅಂಕಿಗಳಲ್ಲಿ ಸೊನ್ನೆ ಅಂದ್ರೆ ಬರೀ ಚುಕ್ಕೆ, ದುಂಡಗಿರೋದು ಐದು. ಹಾಗಾದ್ರೆ 1357. ಲೆಕ್ಕ ಹಾಕಿದ್ರೆ ಸರಿಯಾಗಿ 1938. ಇರಾಕಿನ ದೊರೆ ಗಾಜಿಯ ಕಾಲದ 4 ಫಿಲ್ಸ್ ನಾಣ್ಯ ಅದು.

ಈಗ ಧೈರ್ಯ ಬಂತು. ಆನೆ ಕಾಸು ಟಿಪ್ಪುವಿನದು ಅಂತ ಮೊದಲೇ ಅನುಮಾನ ಇತ್ತು. ಆನೆಯ ಬೆನ್ನ ಮೇಲಿದ್ದ ಅಂಕಿಗಳನ್ನು ಎಡದಿಂದ ಓದಿದ್ರೆ 8121. ಇದೆಂಥ ಇಸವಿ! ಬಲದಿಂದ ಓದಿದ್ರೆ 1218. ಅರಬ್ಬಿಯಲ್ಲಿ ಅಕ್ಷರ ಬಲದಿಂದ ಓದಿದ್ರೂ ಅಂಕಿಯನ್ನು ನಮ್ಮ ಹಾಗೇ ಎಡದಿಂದ ಓದ್ತಾರೆ, ಹಾಗಿದ್ದೂ ಇಲ್ಲಿ ಉಲ್ಟಾ. ಇರಲಿ ಅಂತ ಅದೇ ಸೂತ್ರ ಹಾಕಿದ್ವಿ. ಬಂದಿದ್ದು 1803. ಟಿಪ್ಪು ಸತ್ತಿದ್ದು 1799ರ ಮೇ 4ರಂದು. "ಡೂಪ್ಲಿಕೇಟ್ ಕಣ್ರೋ" ಅಂದ ಒಬ್ಬ. ಅಜ್ಜಿ ಮುಖ ಸಪ್ಪಗಾಯ್ತು.

ತಪ್ಪು ಕಾಸಿನದಲ್ಲ, ನಮ್ಮದು. ಟಿಪ್ಪು ಮೊದಮೊದಲು ಎಲ್ಲರ ಹಾಗೆ ಹಿಜರಿ ಇಸವಿಯನ್ನೇ ಹಾಕಿಸ್ತಿದ್ದ. 1787ರಲ್ಲಿ ಮೌಲೂದಿ ಅನ್ನೋ ಹೊಸ ಶಕ ತಂದ. ಅದು ಪ್ರವಾದಿಯ ಹಿಜರತ್ತಿನಿಂದ ಅಲ್ಲ, ಹುಟ್ಟಿನಿಂದ ಎಣಿಸೋ ಲೆಕ್ಕ. ಜೊತೆಗೆ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ವರ್ಷವನ್ನು ಸೂರ್ಯನ ಗತಿಗೆ ಹೊಂದಿಸಿದ್ದರಿಂದ ಇಲ್ಲಿ ಗುಣಾಕಾರವೇ ಬೇಡ, 572 ಕೂಡಿಸಿದ್ರೆ ಸಾಕು. 1218 ಅಂದ್ರೆ 1790. ಹಿಂದಿನ ಬದಿಯನ್ನು ಉರ್ದು ಬಲ್ಲ ಗೆಳತಿಗೆ ಫೋಟೋ ಕಳಿಸಿ ಓದಿಸಿದ್ವಿ: ಪಟ್ಟಣ, ಅಂದ್ರೆ ಶ್ರೀರಂಗಪಟ್ಟಣದ ಟಂಕಸಾಲೆ.

ಕಾಸು ಅಸಲಿ ಅನ್ನಿಸ್ತು. ಲಕ್ಷದ ಮಾತು ಮಾತ್ರ ನಕಲಿ. ಇಂಥ ಆನೆ ಕಾಸುಗಳು ಬೇಕಾದಷ್ಟು ಸಿಗುತ್ತವೆ, ಸವೆದು ಹೋದದ್ದಕ್ಕೆ ಅಂಥ ಬೆಲೆ ಯಾರೂ ಕೊಡಲ್ಲ. ಹಳೇ ನಾಣ್ಯದ ಹೆಸರಲ್ಲಿ ಶುಲ್ಕ ಕೇಳೋರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿತ್ತು. ಅದನ್ನು ಆಂಟಿಗೆ ತೋರಿಸಿದ್ವಿ. ಅವರು ಏನೂ ಮಾತಾಡದೆ ಆ ನಂಬರ್ ಬ್ಲಾಕ್ ಮಾಡಿ ಅಡುಗೆಮನೆಗೆ ಹೋದ್ರು. ಫೀಸಿನ ಮಾತು ಅಲ್ಲಿಗೇ ನಿಂತಿತು, ನಮಗೂ ಎತ್ತೋಕೆ ಆಗ್ಲಿಲ್ಲ.

ಅಜ್ಜಿಗೆ ಎಂಟು ಲಕ್ಷದ ಗೊಡವೆಯೇ ಇರ್ಲಿಲ್ಲ. ಇರಾಕಿನ ನಾಣ್ಯ ಕೈಯಲ್ಲಿ ಹಿಡ್ಕೊಂಡು, "ಹಾಗಾದ್ರೆ ನಮ್ಮಪ್ಪ ಬಸ್ರಾಗೆ ಹೋಗಿದ್ದು ನಿಜಾನೇನ್ರೋ?" ಅಂದ್ರು. ನಾಣ್ಯ ಅಷ್ಟು ಹೇಳಲ್ಲ, 1938ರಲ್ಲಿ ಅಚ್ಚಾಯ್ತು ಅಂತಷ್ಟೇ ಹೇಳುತ್ತೆ. 1941ರ ಏಪ್ರಿಲ್‌ನಲ್ಲಿ ಭಾರತದ ಸೈನ್ಯ ಬಸ್ರಾದಲ್ಲಿ ಇಳಿದಿತ್ತು, ಇಸವಿ ಹೊಂದುತ್ತೆ ಅಜ್ಜಿ, ಅಂದ್ವಿ.

"ಹೊಂದುತ್ತೆ ತಾನೇ" ಅಂತ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡ್ರು. ಆನೆ ಕಾಸು ಡಬ್ಬಿಗೆ ಹೋಯ್ತು.