ಹಣ್ಣಿನ ಕಣಿವೆಯ ನಿಲ್ದಾಣ

ಸ್ಯಾನ್ ಫ್ರಾನ್ಸಿಸ್ಕೋದಿಂದ ಕೊಲ್ಲಿಯ ಅಡಿಯ ಸುರಂಗವನ್ನು ಹಾದುಬಂದ ರೈಲು ನನ್ನನ್ನು ಓಕ್ಲೆಂಡ್ ನಗರದ ಫ್ರೂಟ್‌ವೇಲ್‌ನಲ್ಲಿ ಇಳಿಸಿತು. ಹಣ್ಣಿನ ಕಣಿವೆಯೆಂದು ಆ ಹೆಸರಿನ ಅರ್ಥ. ಒಂದು ಕಾಲಕ್ಕೆ ಇಲ್ಲಿ ತೋಟಗಳಿದ್ದುವು. ಇಂದು ನಿಲ್ದಾಣದಿಂದ ಹೊರಬಂದವರ ಎದುರಿಗೆ ವಿಶಾಲವಾದ ಅಂಗಳ, ಇಕ್ಕೆಲಗಳಲ್ಲಿ ಅಂಗಡಿ, ಗ್ರಂಥಾಲಯ, ಚಿಕಿತ್ಸಾಲಯ, ಮಹಡಿಯ ಮೇಲೆ ಮನೆಗಳು. ಅಂಗಳ ದಾಟಿದರೆ ಪೇಟೆಯ ಬೀದಿ.

ಈ ಅಂಗಳ ತಾನಾಗಿ ಬಂದುದಲ್ಲ. 1991ರಲ್ಲಿ ರೈಲು ಸಂಸ್ಥೆಯು ಇಲ್ಲಿ ಕಾರು ನಿಲ್ಲಿಸಲು ಹಲವು ಅಂತಸ್ತುಗಳ ಕಟ್ಟಡವನ್ನೆತ್ತಲು ಹೊರಟಿತ್ತು. ಅದು ಎದ್ದಿದ್ದರೆ ನಿಲ್ದಾಣಕ್ಕೂ ಪೇಟೆಗೂ ನಡುವೆ ಗೋಡೆಯೆದ್ದಂತಾಗುತ್ತಿತ್ತು. ಸ್ಪ್ಯಾನಿಷ್ ನುಡಿಯುವವರೇ ಬಹಳವಾಗಿದ್ದ ಬಡಾವಣೆಯ ಜನ, 1964ರಲ್ಲಿ ಹುಟ್ಟಿದ್ದ ‘ಯೂನಿಟಿ ಕೌನ್ಸಿಲ್’ ಸಂಘದ ಮುಂದಾಳುತನದಲ್ಲಿ, ಬೇಡವೆಂದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ, ಸಭೆಗಳಲ್ಲಿ ಕುಳಿತು ತಮಗೆ ಬೇಕಾದುದೇನೆಂಬುದನ್ನೂ ಹೇಳಿದರು. ಸಂಸ್ಥೆ ಕಿವಿಗೊಟ್ಟಿತು, ಇಬ್ಬರೂ ಕೂಡಿ ನಡೆದರು. ಅಂಗಳ ತೆರೆದುಕೊಂಡದ್ದು 2004ರಲ್ಲಿ!

ಹದಿಮೂರು ವರ್ಷ ದೀರ್ಘವೇ ಸರಿ. ಆದರೆ ಅವಸರದ ಗೋಡೆ ಅದಕ್ಕಿಂತಲೂ ಬಹುಕಾಲ ನಿಲ್ಲುತ್ತಿತ್ತು.

ಬೆಂಗಳೂರಿನಲ್ಲಿ ಮೆಟ್ರೋ ಓಡತೊಡಗಿದ್ದು 2011ರಲ್ಲಿ. ಹೊಸ ನಿಲ್ದಾಣಗಳು ಏಳುತ್ತಲೇ ಇವೆ. ನಕ್ಷೆ ಬರೆಯುವ ಮುನ್ನ ನಮ್ಮನ್ನು ಕೇಳಲೆಂದು ಬಯಸುತ್ತೇವೆ. ಕೇಳಿದ ದಿನ ಹೇಳಲು ಉತ್ತರವನ್ನು ಸಿದ್ಧಪಡಿಸಿಕೊಂಡಿದ್ದೇವೆಯೆ?