ರಿಪೇರಿಯಾದ ಮೇಲೆ ಡೀಸೆಲ್ ಕುಡಿಯತೊಡಗಿದ ಗಾಡಿ

ಆಂಧ್ರದ ಗಡಿಯಲ್ಲಿರುವ ನಮ್ಮ ಆದವಾನಿ ಕಡೆ ಗಾಡಿಯ ಮೈಲೇಜು ಇಳಿದರೆ ಮೊದಲು ಬೈಸಿಕೊಳ್ಳುವುದು ಬಂಕು. ಗಡಿಯಾಚೆಯ ಸಿರುಗುಪ್ಪದಲ್ಲಿ ಹಾಕಿಸಿದ್ದರೆ 'ಕರ್ನಾಟಕದ ಡೀಸೆಲ್ಲು ನೀರಿದ್ದಂಗ ಐತಿ' ಅನ್ನುತ್ತಾರೆ. ಊರಲ್ಲೇ ಹಾಕಿಸಿದ್ದರೆ 'ಇದು ಕಲ್ತೀ ಡೀಸೆಲ್ಲು, ಕಲಬೆರಕೆ ಮಾಲು' ಅನ್ನುತ್ತಾರೆ. ಎರಡೂ ಕಡೆ ಬರುವುದು ಅವೇ ಕಂಪನಿಗಳ ಎಣ್ಣೆ. 2020ರ ಏಪ್ರಿಲ್ 1ರಿಂದ ದೇಶದ ತುಂಬ ಬಿಎಸ್-6 ಗುಣಮಟ್ಟದ ಡೀಸೆಲ್ಲನ್ನೇ ಮಾರಬೇಕು. ಗಡಿಯ ಕಲ್ಲು ದಾಟಿತೆಂದು ಅದು ತೆಳ್ಳಗಾಗುವುದಿಲ್ಲ. ಅನುಮಾನ ಇದ್ದವರು ಬಂಕಿನಲ್ಲಿರುವ 5 ಲೀಟರಿನ ಅಳತೆ ಪಾತ್ರೆ ಕೇಳಿ ಹಾಕಿಸಿ ನೋಡಬಹುದು. ಬೈಯುವವರನ್ನು ಬೇಕಾದಷ್ಟು ಕಂಡಿದ್ದೇನೆ, ಪಾತ್ರೆ ಕೇಳಿದವರನ್ನು ಕಂಡಿಲ್ಲ.

ಗಡಿಯಲ್ಲಿ ನಿಜಕ್ಕೂ ಬದಲಾಗುವುದು ದರ. ಆಂಧ್ರದಲ್ಲಿ ಡೀಸೆಲ್ ಮೇಲೆ ಶೇ 22.25 ವ್ಯಾಟು, ಅದರ ಮೇಲೆ ಲೀಟರಿಗೆ 4 ರೂಪಾಯಿ, ರಸ್ತೆ ಸೆಸ್ಸು ಅಂತ ಇನ್ನೊಂದು ರೂಪಾಯಿ. ಕರ್ನಾಟಕ 2025ರ ಏಪ್ರಿಲಿನಲ್ಲಿ ತನ್ನ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿದ ಮೇಲೂ ಅಲ್ಲಿಯ ಡೀಸೆಲ್ಲೇ ಅಗ್ಗ. ಹಾಗಾಗಿ ಹೊಳಗುಂದ, ಹಾಲಹರ್ವಿ, ಕೌತಾಳಂ ಕಡೆಯ ಗಾಡಿಗಳು ಬಳ್ಳಾರಿಗೋ ಸಿರುಗುಪ್ಪಕ್ಕೋ ಹೋದಾಗ ಟ್ಯಾಂಕು ತುಂಬಿಸಿಕೊಂಡೇ ಬರುತ್ತವೆ. ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಜಿಲ್ಲೆ ಬೇರೆಯಾಗಿ ಎಪ್ಪತ್ತು ವರ್ಷ ದಾಟಿದರೂ ಸಂತೆ, ಬೀಗತನ, ಬಿಡಿಭಾಗದ ಅಂಗಡಿ ಎಲ್ಲವೂ ಆ ಕಡೆಗೂ ಹರಡಿಕೊಂಡಿವೆ.

ಈ ದರದ ವ್ಯತ್ಯಾಸ ಮೈಲೇಜಿನ ಲೆಕ್ಕವನ್ನೇ ಕೆಡಿಸುತ್ತದೆ. ನಮ್ಮ ಡ್ರೈವರುಗಳು ಲೀಟರಿನ ಲೆಕ್ಕ ಹಿಡಿಯುವುದಿಲ್ಲ. 'ಸಾವಿರಕ್ಕೆ ಎಷ್ಟು ಓಡ್ತು' ಅನ್ನುವುದೇ ಲೆಕ್ಕ. ಈ ಕಡೆ 97, ಆ ಕಡೆ 91 ರೂಪಾಯಿ ಎಂದಿಟ್ಟುಕೊಳ್ಳಿ. ಸಾವಿರ ರೂಪಾಯಿಗೆ ಅಲ್ಲಿ 11 ಲೀಟರು ಬಂದರೆ ಇಲ್ಲಿ 10.3 ಲೀಟರು. ಲೀಟರಿಗೆ 12 ಕಿ.ಮೀ. ಕೊಡುವ ಗಾಡಿಯಲ್ಲಿ ಅದು ಎಂಟು ಕಿ.ಮೀ. ವ್ಯತ್ಯಾಸ. ಎಂಜಿನ್ನಿಗೆ ಏನೂ ಆಗಿರುವುದಿಲ್ಲ, ಆದರೂ 'ಗಾಡಿ ಕುಡೀತೈತಿ' ಎಂಬ ಮಾತು ಹುಟ್ಟುತ್ತದೆ.

ನಮ್ಮ ಸಂಬಂಧಿಕರೊಬ್ಬರ ಹಳೇ ಬೊಲೆರೊ ಪಿಕಪ್ಪಿನದು ಮಾತ್ರ ಅಷ್ಟಕ್ಕೆ ಮುಗಿಯುವ ಕತೆಯಾಗಿರಲಿಲ್ಲ. 2523 ಸಿಸಿ ಡಿಐ ಎಂಜಿನ್ನು, ಕಂಪ್ಯೂಟರು ಇಲ್ಲದ ಕಾಲದ್ದು. ಹತ್ತಿಯ ಸುಗ್ಗಿಯಲ್ಲಿ ಆದವಾನಿ ಯಾರ್ಡಿಗೆ, ಮೆಣಸಿನಕಾಯಿ ಕಾಲದಲ್ಲಿ ಬ್ಯಾಡಗಿಗೆ, ಶ್ರಾವಣದಲ್ಲಿ ಉರುಕುಂದದ ಜಾತ್ರೆ ಅಂಗಡಿಯವರ ಸಾಮಾನಿಗೆ ಅದೇ ದುಡಿಯುತ್ತದೆ. ಬೇಸಿಗೆಯಲ್ಲಿ ಹೆಡ್ ಗ್ಯಾಸ್ಕೆಟ್ಟು ಹೋಯಿತು, ಅದರ ಹಿಂದೆಯೇ ಬ್ರೇಕು ಕೆಲಸ, ಆಮೇಲೆ ನಾಜಲ್, ಕೊನೆಗೆ ಹೊಸ ಟೈರು. ದುಡ್ಡು ಸುರಿದು ಎಲ್ಲ ಮುಗಿಸಿದ ಮೇಲೆ, 12ರ ಆಸುಪಾಸು ಕೊಡುತ್ತಿದ್ದದ್ದು 9ಕ್ಕೆ ಬಂತು. ರಿಪೇರಿಯಾದ ಗಾಡಿ ರಿಪೇರಿಗೆ ಮುಂಚೆ ಇದ್ದುದಕ್ಕಿಂತ ಕೆಟ್ಟಿತು.

ಇಂಥಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಯಲ್ಲಿ ಯಾರು ಎಲ್ಲಿ ಕೈ ಹಾಕಿದರು? ನಮ್ಮೂರಲ್ಲಿ ಆ ಪ್ರಶ್ನೆಗೆ ಉತ್ತರ ಒಂದು ಬಾಯಲ್ಲಿ ಸಿಗುವುದಿಲ್ಲ. ಗ್ಯಾಸ್ಕೆಟ್ಟು, ಬ್ರೇಕು ಮಾಡಿದ ಶೆಡ್ಡಿನವನದು ತೆಲುಗು. ಪಂಪು, ನಾಜಲ್ ನೋಡುವವರು ದಖನಿ ಮಾತಾಡುವ ಸಾಬರು. ಡ್ರೈವರು ಹೊಳಗುಂದದ ಕಡೆಯವನು, ಅವನ ಸಿಟ್ಟು ಸಂಕಟ ಎಲ್ಲ ಕನ್ನಡದಲ್ಲಿ. ಮೂವರಿಗೂ ಮೂರೂ ಭಾಷೆ ತಿಳಿಯುತ್ತದೆ, ಅದರಲ್ಲಿ ತೊಂದರೆ ಇಲ್ಲ. ಆದರೆ ವ್ಯವಹಾರಕ್ಕೆ ಬೇಕಾದಷ್ಟನ್ನು ಪರಭಾಷೆಯಲ್ಲಿ ಆಡುತ್ತೇವೆ, ಸಣ್ಣಪುಟ್ಟ ಅನುಮಾನಗಳನ್ನು ಮನೆಮಾತಿನಲ್ಲಿ ಇಟ್ಟುಕೊಳ್ಳುತ್ತೇವೆ. ರೋಗದ ಸುಳಿವು ಇರುವುದು ಆ ಸಣ್ಣಪುಟ್ಟದ್ದರಲ್ಲೇ. ಡ್ರೈವರು ಶೆಡ್ಡಿನಲ್ಲಿ ಹೇಳಿದ್ದು 'ಮೈಲೇಜಿ ರಾಲೇದನ್ನಾ', ಮೈಲೇಜು ಬರಲಿಲ್ಲ ಅಣ್ಣ, ಅಂತ ಅಷ್ಟೇ. ನನ್ನ ಹತ್ತಿರ ಕೂತಾಗ ಹೇಳಿದ್ದು ಬೇರೆ: "ಮೊದ್ಲ ಇಳಿಜಾರಿನ್ಯಾಗ ನ್ಯೂಟ್ರಲ್ ಬಿಟ್ರ ಹಂಗ ಉಳ್ಳಿಕೆಂತ ಹೋಗ್ತಿತ್ರಿ. ಈಗ ಯಾರೋ ಹಿಂದಿಂದ ಹಿಡಕಂಡಂಗ ನಿಂತ್ ಬಿಡ್ತೈತಿ." ಇನ್ನೊಂದು ಮಾತನ್ನು ಅವನು ಸಂತೋಷದಿಂದಲೇ ಹೇಳಿದ: "ಎಂಜಿನ್ ಮಾತ್ರ ತಣ್ಣಗೈತಿ, ಟೆಂಪರೇಚರ್ ಸೂಜಿ ಏಳಂಗೇ ಇಲ್ಲ."

ಮೈಲೇಜು ಹೋದ ದಾರಿ ಈ ಎರಡು ಮಾತಿನಲ್ಲೇ ಇತ್ತು.

ಮೊದಲು ಬ್ರೇಕು. ಗಾಡಿಯನ್ನು ಖಾಲಿ ರಸ್ತೆಯಲ್ಲಿ ಓಡಿಸಿ, ಆದಷ್ಟು ಬ್ರೇಕು ಮುಟ್ಟದೆ ತಾನಾಗಿ ನಿಲ್ಲಲು ಬಿಟ್ಟು, ಇಳಿದು ಬಾಟಲಿಯಿಂದ ಒಂದೊಂದೇ ಚಕ್ರದ ಮೇಲೆ ನೀರು ಚಿಮುಕಿಸಿದೆವು. ಹಿಂದಿನ ಡ್ರಮ್ಮುಗಳ ಮೇಲೆ ನೀರು ಸುಮ್ಮನೆ ಇಳಿದುಹೋಯಿತು. ಮುಂದಿನ ಎರಡೂ ಡಿಸ್ಕುಗಳ ಮೇಲೆ ಚುರ್ ಎಂದು ಹಾರಿತು. ಒಂದೇ ಚಕ್ರ ಕಾದಿದ್ದರೆ ಕ್ಯಾಲಿಪರಿನ ಪಿಸ್ಟನ್ ಕಚ್ಚಿದೆ ಅನ್ನಬಹುದಿತ್ತು. ಎರಡೂ ಸಮನಾಗಿ ಕಾದರೆ ಕಾಯಿಲೆ ಮೇಲೆ, ಎರಡಕ್ಕೂ ಎಣ್ಣೆ ಕಳಿಸುವ ಮಾಸ್ಟರ್ ಸಿಲಿಂಡರಿನಲ್ಲಿ. ಬಿಸಿ ಇದ್ದಾಗಲೇ ಜಾಕು ಕೊಟ್ಟು ಎತ್ತಿದರೆ ಚಕ್ರ ಕೈಯಲ್ಲಿ ತಿರುಗಲೊಲ್ಲದು. ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಕಚ್ಚಿಸಿದ ಎರಡು ನಟ್ಟುಗಳನ್ನು ತುಸು ಸಡಿಲಿಸಿ ಅದನ್ನು ಒಂದು ಕೂದಲೆಳೆಯಷ್ಟು ಮುಂದಕ್ಕೆ ಸರಿಸಿದ ಕೂಡಲೇ ಚಕ್ರ ಸಲೀಸಾಗಿ ತಿರುಗಿತು.

ಆಗಿದ್ದು ಇಷ್ಟು. ಬ್ರೇಕು ಕೆಲಸದಲ್ಲಿ ಹೊಸ ಮಾಸ್ಟರ್ ಸಿಲಿಂಡರು ಕೂಡಿಸುವಾಗ ಬೂಸ್ಟರಿನಿಂದ ಬರುವ ಪುಶ್ ರಾಡಿಗೂ ಸಿಲಿಂಡರಿನ ಪಿಸ್ಟನ್ನಿಗೂ ನಡುವೆ ಇರಬೇಕಾದ ಸಣ್ಣ ಸಂದು ಉಳಿದಿರಲಿಲ್ಲ. ಪೆಡಲು ಬಿಟ್ಟರೂ ರಾಡು ಪಿಸ್ಟನ್ನನ್ನು ಒತ್ತಿಕೊಂಡೇ ನಿಂತಿತ್ತು. ಸಿಲಿಂಡರಿನ ಒಳಗೊಂದು ಸೂಜಿರಂಧ್ರ ಇದೆ. ಬ್ರೇಕು ಬಿಟ್ಟಾಗ ಹೆಚ್ಚಾದ ಎಣ್ಣೆ ಅದರ ಮೂಲಕ ಡಬ್ಬಿಗೆ ವಾಪಸು ಹೋಗಬೇಕು. ಪಿಸ್ಟನ್ನು ಆ ರಂಧ್ರಕ್ಕೆ ಅಡ್ಡ ನಿಂತರೆ ಎಣ್ಣೆ ಲೈನಿನಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಯಾದಂತೆ ಎಣ್ಣೆ ಹಿಗ್ಗುತ್ತದೆ, ಪ್ಯಾಡು ಇನ್ನಷ್ಟು ಬಿಗಿಯುತ್ತದೆ, ಅದರಿಂದ ಇನ್ನಷ್ಟು ಬಿಸಿ. ಬೆಳಿಗ್ಗೆ ತಣ್ಣಗಿದ್ದಾಗ ಶೆಡ್ಡಿನಲ್ಲಿ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಗಾಡಿ ತನ್ನ ಬ್ರೇಕನ್ನು ತಾನೇ ಒತ್ತಿಕೊಂಡು ಓಡುತ್ತದೆ. ಇದರಲ್ಲಿ ಡೀಸೆಲ್ಲಿನ ನಷ್ಟ ಸಣ್ಣದು. ಬ್ಯಾಡಗಿ ದಾರಿಯ ಇಳುಕಲಿನಲ್ಲಿ ಲೋಡು ಇದ್ದಾಗ ಬ್ರೇಕೆಣ್ಣೆ ಕುದಿದು ಪೆಡಲು ಪೊಳ್ಳಾಗಿದ್ದರೆ ಯಾವ ಮೈಲೇಜಿನ ಮಾತು?

ಎರಡನೆಯದು ಆ ತಣ್ಣಗಿನ ಎಂಜಿನ್ನು. ಶೆಡ್ಡಿಗೆ ಹೋಗಿ ಕೇಳಿದರೆ ಮೆಕ್ಯಾನಿಕ್ಕು ಏನನ್ನೂ ಮುಚ್ಚಿಡಲಿಲ್ಲ. "ಥರ್ಮೋಸ್ಟಾಟಾ? ಈ ಎಂಡಲೋ ಅದೆಂದುಕು ಸಾಮೀ, ತೀಸೇಸಿನಾ!" ಈ ಬಿಸಿಲಿನಲ್ಲಿ ಅದೇಕೆ ಬೇಕು, ಕಿತ್ತುಹಾಕಿದೆ ಎಂದು ಉಪಕಾರ ಮಾಡಿದ ಧಾಟಿಯಲ್ಲೇ ಹೇಳಿದ. ಅವನೊಬ್ಬನ ಮಾತಲ್ಲ ಇದು; ರಾಯಚೂರು, ಬಳ್ಳಾರಿ, ಗುಂತಕಲ್ಲು, ಎಲ್ಲಿಯ ಶೆಡ್ಡಿನಲ್ಲಿ ಕೇಳಿದರೂ ಇದೇ ನಂಬಿಕೆ. ಏಪ್ರಿಲಿನ ಬಿಸಿಲು ಕಂಡವರಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಹೊರಗಿನ 43 ಡಿಗ್ರಿ ನಮಗೆ ಬೆಂಕಿ, ಡೀಸೆಲ್ ಎಂಜಿನ್ನಿಗೆ ಚಳಿ. ಅದರ ನೀರು 80-90 ಡಿಗ್ರಿಯಲ್ಲಿದ್ದರೇ ಒಳಗೆ ಡೀಸೆಲ್ಲು ಪೂರ್ತಿ ಉರಿಯುವುದು, ಆಯಿಲ್ಲು ತೆಳ್ಳಗೆ ಹರಿಯುವುದು. ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಮೊದಲ ಕ್ಷಣದಿಂದಲೇ ರೇಡಿಯೇಟರಿಗೆ ಓಡುತ್ತದೆ. ಯಾರ್ಡಿಗೂ ಹಳ್ಳಿಗೂ ನಡುವಿನ ಸಣ್ಣ ಓಡಾಟದಲ್ಲಿ ಎಂಜಿನ್ನು ಒಮ್ಮೆಯೂ ಹದಕ್ಕೆ ಬರುವುದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಇದರ ಫಲ ಪೂರಾ ಉಲ್ಟಾ. ಅಲ್ಲಿ ಥರ್ಮೋಸ್ಟಾಟು ಬೈಪಾಸ್ ದಾರಿಯನ್ನೂ ಮುಚ್ಚಬೇಕು. ಕಿತ್ತರೆ ಅರ್ಧ ನೀರು ರೇಡಿಯೇಟರಿನ ಮುಖ ನೋಡದೆ ಒಳಗೇ ಸುತ್ತಿ, ಲೋಡು ಹತ್ತಿದಾಗ ಕಾಯುತ್ತದೆ.

ಪಂಪಿನ ಮೇಲೆ ಎಲ್ಲರಿಗೂ ಅನುಮಾನ ಇತ್ತು, ಅಲ್ಲಿ ಖರ್ಚು ಜಾಸ್ತಿ ಎಂಬ ಕಾರಣಕ್ಕೆ ಇರಬೇಕು. ಸಾಬರು ನಾಜಲ್ಲುಗಳನ್ನು ಟೆಸ್ಟರಿಗೆ ಹಾಕಿ ಒತ್ತಿ ತೋರಿಸಿದರು: ನಾಲ್ಕೂ ಮಂಜಿನಂತೆ ಚಿಮ್ಮಿದವು, ಒಂದೂ ತೊಟ್ಟಿಕ್ಕಲಿಲ್ಲ. "ಪಂಪ್ ಅಚ್ಛಾಚ್ ಹೈ ಭಾಯ್, ಗಾಡೀಚ್ ದೇಖೋ" ಪಂಪು ಚೆನ್ನಾಗೇ ಇದೆ, ಗಾಡಿಯನ್ನೇ ನೋಡಿ ಎಂದು ದುಡ್ಡು ತೆಗೆದುಕೊಳ್ಳದೆ ಕಳಿಸಿದರು. ಸೈಲೆನ್ಸರು ಕೂಡ ಅದನ್ನೇ ಹೇಳುತ್ತಿತ್ತು. ಗಾಳಿ ಸಾಲದೆ ಡೀಸೆಲ್ಲು ಹೆಚ್ಚಾದರೆ ಕರಿ ಹೊಗೆ, ಆಯಿಲ್ಲು ಉರಿದರೆ ನೀಲಿ. ಇಲ್ಲಿ ಬೆಳಗಿನ ಹೊತ್ತು ತುಸು ಬಿಳಿ ಹೊಗೆ, ಅದೂ ಬಹಳ ಹೊತ್ತು ಬಿಡದೆ. ತಣ್ಣಗಿನ ಎಂಜಿನ್ನಿನಲ್ಲಿ ಉರಿಯದೆ ಹೋದ ಡೀಸೆಲ್ಲು ಅದು.

ಉಳಿದದ್ದು ಟೈರು. ಈ ಗಾಡಿಗೆ ಇದ್ದದ್ದು 215/75 ಆರ್15. 'ಲೋಡಿಗೆ ಗಟ್ಟಿ' ಎಂದು 235/75 ಆರ್15 ಹಾಕಿಸಿದ್ದರು. ಸುತ್ತಳತೆ ಶೇ 4ರಷ್ಟು ಹೆಚ್ಚು. ಗಾಡಿ ನಿಜವಾಗಿ 100 ಕಿ.ಮೀ. ಓಡಿದಾಗ ಮೀಟರು 96 ಎಂದಷ್ಟೇ ತೋರಿಸುತ್ತದೆ. ಅಂದರೆ ಕಳೆದುಹೋದ ಮೂರರಲ್ಲಿ ಹತ್ತಿರ ಹತ್ತಿರ ಅರ್ಧ ಕಿಲೋಮೀಟರು ಕಳೆದೇ ಇರಲಿಲ್ಲ.

ಬಳ್ಳಾರಿಯಿಂದ ಹೊಸ ಥರ್ಮೋಸ್ಟಾಟು ತರಿಸಿ, ಅದೇ ಶೆಡ್ಡಿನಲ್ಲಿ ಅದೇ ಕೈಯಿಂದ ಕೂಡಿಸಿ, ರಾಡಿಗೆ ಸಂದು ಕೊಡಿಸಿದೆವು. ಡ್ರೈವರು ಈ ಸಲ ಜೊತೆಗೇ ನಿಂತು ಇಳಿಜಾರಿನ ಕತೆಯನ್ನೂ ಸೂಜಿಯ ಕತೆಯನ್ನೂ ತನ್ನ ಕನ್ನಡದಲ್ಲೇ ಹೇಳಿದ. ಮೆಕ್ಯಾನಿಕ್ಕು ತೆಲುಗಿನಲ್ಲಿ ಮರುಪ್ರಶ್ನೆ ಹಾಕಿದ, ಮಾತೆಲ್ಲೂ ತಡವರಿಸಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಈಗೊಂದು ನೋಟುಬುಕ್ಕು ಇದೆ. ಬಂಕಿನ ಊರು, ಲೀಟರು, ಮೀಟರಿನ ಅಂಕಿ; ರೂಪಾಯಿ ಬರೆಯುವಂತಿಲ್ಲ. ಸಾಧ್ಯವಾದಾಗಲೆಲ್ಲ ಒಂದೇ ಬಂಕಿನಲ್ಲಿ, ಸಮತಟ್ಟಾದ ಜಾಗದಲ್ಲಿ, ಪೈಪು ತಾನಾಗಿ ಕಟ್ಟಾಗುವವರೆಗೆ ತುಂಬಿಸಬೇಕು ಎಂಬುದು ಕರಾರು. ಪುಸ್ತಕದ ಪ್ರಕಾರ ಗಾಡಿ ಹನ್ನೊಂದೂವರೆ ಕೊಡುತ್ತಿದೆ. ಟೈರು ಸವೆಯುವವರೆಗೆ ಅವೇ ಇರಲಿ ಎಂದು ಮಾಲೀಕರ ತೀರ್ಮಾನ, ಆದ್ದರಿಂದ ಆ ಅಂಕಿಗೆ ನೂರಕ್ಕೆ ನಾಲ್ಕು ಕೂಡಿಸಿಕೊಂಡೇ ಓದಬೇಕು.